ಮಧ್ಯಾಹ್ನವಾದರೆ ಇಳಿಯುವ ಕರೆಂಟು

ನವೆಂಬರ್ 4, ಸೋಮವಾರ

ಇವತ್ತೂ ಸಂಜೆ ದೀಪಗಳು ಮಂಕಾದವು. ಮೊದಲು ಅಡುಗೆ ಕಟ್ಟೆಯ ಮೇಲಿನದು, ಆಮೇಲೆ ಮಂಚದ ಬಳಿಯದು. ಕೊನೆಗೆ ಫ್ರಿಜ್ಜು ಕೋಳಿಮರಿಯ ಹಾಗೆ ಕೀಂ ಕೀಂ ಎಂದು ಸುಮ್ಮನಾಯಿತು. ಹಾಲು ಕೆಟ್ಟರೆ ಕೆಡಲಿ, ಅದರೊಳಗೆ ಇವರ ಇನ್ಸುಲಿನ್ ಇದೆಯಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಮೈದಾನದ ಮ್ಯಾನೇಜರಮ್ಮನ ಆಫೀಸಿಗೆ ಓಡಿದೆ. ಒಳ್ಳೆಯ ಹೆಂಗಸು, ತನ್ನ ಫ್ರಿಜ್ಜಿನಲ್ಲಿ ಜಾಗ ಮಾಡಿಕೊಟ್ಟಳು.

"ಯಾರಾದ್ರೂ ಟಾನಿಕ್ ಅಂದ್ಕೊಂಡು ಕುಡಿದುಬಿಟ್ರೆ?" ಅಂದೆ.

"ನನ್ ಫ್ರಿಜ್ಜಿಗೆ ನಾನೊಬ್ಳೇ ಕೈ ಹಾಕೋದು. ನಾನು ಕುಡಿಯಲ್ಲ, ಆಣೆಗೂ" ಅಂತ ನಕ್ಕಳು. ನನಗೆ ನಗು ಬರಲಿಲ್ಲ.

ನಾವಿರುವುದು ಬಸ್ಸಿನಲ್ಲಿ. ಹೇಳಿಕೊಳ್ಳಲು ನಾಚಿಕೆ. ಇವರು ಮೂವತ್ತು ವರ್ಷ ದೂರದೂರಿಗೆ ಬಸ್ಸು ಓಡಿಸಿದರು. ನಾನು ಬಾಡಿಗೆ ಮನೆಯ ಕಿಟಕಿಯಲ್ಲಿ ಕೂತು, ಎಲ್ಲಿ ಪಲ್ಟಿ ಹೊಡೆಯಿತೋ ಏನೋ ಎಂದು ಕೂದಲು ಹಣ್ಣು ಮಾಡಿಕೊಂಡೆ. ಕೆಲಸ ಮುಗಿದ ಮೇಲೆ ಇವರು ಹಳೆಯದೊಂದು ಸಣ್ಣ ಬಸ್ಸು ತಂದು ನಿಲ್ಲಿಸಿ, "ಇಷ್ಟು ದಿನ ಕಿಟಕೀಲಿ ಕಾದೆ, ಇನ್ನು ಮುಂದಿನ ಸೀಟಲ್ಲಿ ಕೂತ್ಕೋ" ಎಂದರು. ಒಳಗೆ ಮಂಚ, ಒಲೆ, ನೀರಿನ ಟ್ಯಾಂಕು, ಫ್ರಿಜ್ಜು ಎಲ್ಲ ಕೂರಿಸಿದರು. ಅದರಲ್ಲೇ ಊರೂರು ಸುತ್ತುವುದು. ನಾನು ಅದನ್ನು ಡಬ್ಬಿ ಅನ್ನುತ್ತೇನೆ. ಇಲ್ಲಿಗೆ ಬಂದ ಮೇಲೆ ಇವರು ಮೈದಾನದ ಬಚ್ಚಲಿನ ಮೆಟ್ಟಿಲಲ್ಲಿ ಜಾರಿ ಬಲಗೈ ಮುರಿದುಕೊಂಡಿದ್ದಾರೆ. ಪ್ಲಾಸ್ಟರ್ ಬಿಚ್ಚುವ ತನಕ ಸ್ಟೇರಿಂಗೂ ಹಿಡಿಯುವಂತಿಲ್ಲ, ಸ್ಕ್ರೂಡ್ರೈವರೂ ಹಿಡಿಯುವಂತಿಲ್ಲ. ಅದಕ್ಕೇ ಇಂಥ ಗಾಡಿಗಳು ತಂಗುವ ಈ ಮೈದಾನದಲ್ಲಿ, ಕರೆಂಟಿನ ಕಂಬಕ್ಕೆ ವೈರು ಸಿಕ್ಕಿಸಿಕೊಂಡು ಕೂತಿದ್ದೇವೆ. ಕಂಬದಲ್ಲಿ ಕರೆಂಟಿದೆ. ಸಂಜೆಯಾದರೆ ನಮ್ಮಲ್ಲಿಲ್ಲ.

ಬರೆದರೆ ತಲೆ ಹಗುರವಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. ಹಗುರವೇನೂ ಆಗಿಲ್ಲ.

ನವೆಂಬರ್ 5, ಮಂಗಳವಾರ

ಬೆಳಿಗ್ಗೆ ಮೆಕ್ಯಾನಿಕ್ ಬಂದ. ದಪ್ಪ ಹುಬ್ಬಿನ, ಸದಾ ಏನಾದರೂ ಜಗಿಯುವ ಮನುಷ್ಯ. ಬ್ಯಾಟರಿಗೆ ಮೀಟರ್ ಹಿಡಿದು ನೋಡಿ, "ಫಸ್ಟ್ ಕ್ಲಾಸಾಗಿದೆಯಲ್ಲ ಅಕ್ಕ, ಕುದುರೆ ಇದ್ದ ಹಾಗಿದೆ" ಎಂದ. ದೀಪ ಹಾಕಿದ, ಝಗ್ ಅಂದಿತು. ಫ್ರಿಜ್ಜೂ ಹೊಸ ಮದುಮಗಳ ಹಾಗೆ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು.

"ನಿನ್ನೆ ಸಂಜೆ ಸತ್ತೇ ಹೋಗಿತ್ತು" ಅಂದೆ.

"ಸತ್ತಿದ್ದು ಎದ್ದಿದೆ ಅಂದ್ರೆ ಒಳ್ಳೇದೇ ಅಲ್ವಾ?"

ಇವರೂ ಅವನೂ ಸೇರಿ ನಕ್ಕರು. ಹೊರಡುವಾಗ ಅವನು ಗಾಡಿಯ ಪಕ್ಕೆ ತಟ್ಟಿ, "ಸಾಕಾಯ್ತು ಅನ್ನಿಸಿದ್ರೆ ನಂಗೇ ಕೊಡಿ ಅಣ್ಣ, ಬೇರೆಯವ್ರಿಗೆ ಕೊಡ್ಬೇಡಿ" ಎಂದ. ಇವರು ನಗುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಮಧ್ಯಾಹ್ನ ತಮ್ಮ ಫೋನ್ ಮಾಡಿದ. ಅವನ ಮನೆಯ ಕೆಳಗಿನ ಅಂತಸ್ತು ಖಾಲಿಯಾಗಿದೆಯಂತೆ. "ಗೋಡೆ ಇದೆ ಅಕ್ಕಾ, ಅಲ್ಲಾಡದ ಗೋಡೆ. ಹದಿನೈದರ ಒಳಗೆ ಹೇಳು, ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀನಿ." ಅಲ್ಲಾಡದ ಗೋಡೆ! ಕೇಳಿಯೇ ಎದೆ ತಣ್ಣಗಾಯಿತು.

ಸಂಜೆ ಮತ್ತೆ ದೀಪ ಮಂಕು. ಮತ್ತೆ ಓಟ.

ನವೆಂಬರ್ 7, ಗುರುವಾರ

ಸಂಜೆ ಇವರು ತಮ್ಮ ಪೆಟ್ಟಿಗೆಯಲ್ಲಿದ್ದ ಮೀಟರನ್ನು ನನ್ನ ಕೈಗೆ ಕೊಟ್ಟರು. "ನೀನೇ ನೋಡು. ಕೆಂಪು ಕಡ್ಡಿ ಕೆಂಪಿಗೆ, ಕಪ್ಪು ಕಪ್ಪಿಗೆ. ಹೆಣ್ಣು ನೋಡೋಕೆ ಹೋದೋರ ಹಾಗೆ ಯೋಚಿಸ್ತಾ ನಿಂತ್ಕೋಬೇಡ, ಮುಟ್ಟಿಸು."

ಕಣ್ಣು ಮುಚ್ಚಿಕೊಂಡು ಮುಟ್ಟಿಸಿದೆ. ಕಣ್ಣು ಬಿಟ್ಟರೆ ನೂರಾ ಇಪ್ಪತ್ತೆರಡು! ಕಡ್ಡಿ ಎಸೆದು ಹೊರಗೆ ಓಡಿ ಬಂದೆ. "ಹನ್ನೆರಡು ಇರ್ಬೇಕು ಅಂದ್ರಲ್ರೀ, ನೂರಾ ಇಪ್ಪತ್ತೆರಡಿದೆ! ಸಿಡಿಯುತ್ತೆ, ಏಳಿ ಏಳಿ!" ಇವರನ್ನು ಕುರ್ಚಿ ಸಮೇತ ಎಳೆದೆ. ಪಕ್ಕದ ಗಾಡಿಯವರು ಹೊರಗೆ ಬಂದು ನೋಡಿದರು. ಇವರು ನಕ್ಕೂ ನಕ್ಕೂ ಮುರಿದ ಕೈ ನೋವು ಎಂದು ಹಿಡಿದುಕೊಂಡರು.

ನಡುವೆ ಚುಕ್ಕಿ ಇತ್ತಂತೆ. ಚುಕ್ಕಿಯ ಲೆಕ್ಕ ಹೇಳಿಕೊಡುವ ವರ್ಷ ನಾನು ಶಾಲೆಯಲ್ಲಿರಲಿಲ್ಲ. ತಮ್ಮ ಹುಟ್ಟಿದ್ದ, ಅಮ್ಮ ಹಾಸಿಗೆ ಹಿಡಿದಿದ್ದಳು. ಮುಂದಿನ ವರ್ಷ ಹೋದೆ, ಮತ್ತೆ ಬಿಟ್ಟೆ. ಈ ವಯಸ್ಸಿಗೆ ಚುಕ್ಕಿ ನನ್ನನ್ನು ಹುಡುಕಿಕೊಂಡು ಬಂದಿದೆ.

ಇವರು ಹೇಳಿಕೊಟ್ಟರು. "ಚುಕ್ಕಿಯ ಈ ಕಡೆ ಇರೋರು ಮನೆಯವರು. ಆ ಕಡೆ ಇರೋರು ನೆಂಟರು. ಹತ್ತು ಜನ ನೆಂಟರು ಸೇರಿದ್ರೆ ಒಬ್ಬ ಮನೆಯವನಿಗೆ ಸಮ. ಈಗ ಹೇಳು, ನಮ್ಮ ಬ್ಯಾಟರೀಲಿ ಎಷ್ಟು?"

"ಹನ್ನೆರಡು ಜನ ಮನೆಯವರು, ಇಬ್ಬರು ನೆಂಟರು."

"ಹಾಂ. ಅಷ್ಟಿದ್ರೆ ಬ್ಯಾಟರಿ ಹಸಿದಿದೆ ಅಂತ. ಕಂಬದ ಕರೆಂಟು ಅದಕ್ಕೆ ಕುಡಿಸ್ತಾ ಇದ್ದಾಗ ಹದಿಮೂರು ಮನೆಯವರು, ಆರು ನೆಂಟರು ಇರ್ಬೇಕು."

ಶಾಲೆಯಲ್ಲಿ ಹೀಗೆ ಹೇಳಿದ್ದರೆ ನಾನು ಬಿಡುತ್ತಿರಲಿಲ್ಲವೇನೋ. ಇರಲಿ. ಇನ್ನೊಂದು ಚಿಂತೆ: ಈ ಮೈದಾನಕ್ಕೆ ಬಂದಾಗಿನಿಂದ ರಾತ್ರಿ ಹಾಸಿಗೆಗೆ ಬಿದ್ದರೆ ಬೆಳಗಿನವರೆಗೆ ಕೊರಡಿನ ಹಾಗೆ ನಿದ್ದೆ. ನನ್ನಂಥವಳಿಗೆ ಇಷ್ಟು ನಿದ್ದೆ ಬರುವುದು ಸಹಜವಲ್ಲ. ರಕ್ತ ಪರೀಕ್ಷೆ ಮಾಡಿಸಬೇಕೋ ಏನೋ.

ನವೆಂಬರ್ 9, ಶನಿವಾರ

ಇವತ್ತು ವೈರಿಗೆ ಕೈ ಹಾಕಿದೆ. ಒಂದು ನಿಯಮ ಮಾಡಿಕೊಂಡಿದ್ದೇನೆ. ಕಂಬದಿಂದ ಪ್ಲಗ್ಗು ಕಿತ್ತು ತಂದು ಇವರ ತೊಡೆಯ ಮೇಲೆ ಇಡುವುದು. ಇವರು ಅದನ್ನು ಎಡಗೈಯಲ್ಲಿ ಹಿಡಿದುಕೊಂಡು ಕುರ್ಚಿಯಲ್ಲಿ ಕೂತಿರಬೇಕು. ಕಂಬದ ಸ್ವಿಚ್ಚು ಆರಿಸಿದೆ ಅಂದರೆ ನನಗೆ ನಂಬಿಕೆಯಿಲ್ಲ, ಯಾರಾದರೂ ಹಾಕಿಬಿಟ್ಟರೆ? ಪ್ಲಗ್ಗು ಕಣ್ಣಿಗೆ ಕಾಣುತ್ತಿರಬೇಕು.

"ಪ್ಲಗ್ಗು ಇದೆಯಾ?"

"ಇದೆ."

"ತೊಡೆ ಮೇಲೇ ಇದೆಯಾ?"

"ಮಲಗಿಸ್ತಾ ಇದ್ದೀನಿ. ಜೋರಾಗಿ ಮಾತಾಡ್ಬೇಡ, ಎದ್ದುಬಿಡುತ್ತೆ."

ನಿನ್ನೆಯೇ ಮ್ಯಾನೇಜರಮ್ಮನ ಟೇಬಲ್ ದೀಪ ತಂದು ಕಂಬಕ್ಕೇ ಸಿಕ್ಕಿಸಿ ನೋಡಿದ್ದೆ, ಇಡೀ ಸಂಜೆ ಉರಿಯಿತು. ಹಾಗಾದರೆ ಕಂಬ ನಿರಪರಾಧಿ. ವೈರನ್ನು ಇಂಚಿಂಚೂ ಕೈಯಲ್ಲಿ ಸವರಿದೆ, ಎಲ್ಲೂ ಗಾಯವಿಲ್ಲ. ಫ್ಯೂಸುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದೆ, ಎಲ್ಲ ಗಟ್ಟಿ. ಕೊನೆಗೆ ಬ್ಯಾಟರಿಯ ತಲೆಯ ಮೇಲೆ ಬೂಷ್ಟಿನ ಹಾಗೆ ಹಸಿರು ಪುಡಿ ಕಟ್ಟಿದ್ದು ಕಂಡಿತು. ಬಿಸಿನೀರಿಗೆ ಅಡುಗೆ ಸೋಡಾ ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದೆ. ನೊರೆ ಬಂದು ಲೋಹ ಫಳಫಳ ಆಯಿತು.

ಸಂಜೆ ದೀಪ ಮಂಕಾಗಲಿಲ್ಲ. ಇವರು ಎಡಗೈಯಲ್ಲಿ ನನ್ನ ಬೆನ್ನು ತಟ್ಟಿದರು. ಗೋಡೆಗೆ ಒಂದು ಮೊಳೆಯನ್ನೂ ಹೊಡೆದವಳಲ್ಲ ನಾನು.

ನವೆಂಬರ್ 10, ಭಾನುವಾರ

ಮತ್ತೆ ಹೋಯಿತು. ನಿನ್ನೆ ಸಂಜೆ ದೀಪ ಉರಿದದ್ದು ಪುಡಿ ತಿಕ್ಕಿದ್ದಕ್ಕಲ್ಲ, ಪ್ಲಗ್ಗು ಅಷ್ಟು ಹೊತ್ತು ತೊಡೆಯ ಮೇಲಿದ್ದದ್ದಕ್ಕೇ ಇರಬೇಕು ಎನ್ನುತ್ತಾರೆ ಇವರು, ಹೇಗೆ ಅಂದರೆ ಅವರಿಗೂ ಗೊತ್ತಿಲ್ಲ. ಬರೆಯಲು ಮನಸ್ಸಿಲ್ಲ.

ನವೆಂಬರ್ 12, ಮಂಗಳವಾರ

ಬೆಳಿಗ್ಗೆ ಇವರು ನನ್ನನ್ನು ಕೇಳದೆ ಮೆಕ್ಯಾನಿಕ್‌ಗೆ ಫೋನ್ ಮಾಡಿ, ಗಾಡಿ ಕೊಡುತ್ತೇನೆ, ಶನಿವಾರ ಬಂದು ತೆಗೆದುಕೊಂಡು ಹೋಗು ಎಂದುಬಿಟ್ಟರು. ಆಮೇಲೆ ತಮ್ಮನಿಗೂ ಹೇಳಿದರು. ಫೋನು ಇಟ್ಟು, "ಆಯ್ತಲ್ಲ, ಇನ್ನು ನಿಂಗೆ ಗಾಬರಿ ಇಲ್ಲ" ಎಂದರು.

"ಯಾಕ್ರೀ ಹೀಗೆ ದಿಢೀರಂತ?"

"ದಿನಾ ಔಷಧಿ ಹಿಡ್ಕೊಂಡು ಓಡ್ತೀಯಲ್ಲ, ನೋಡೋಕಾಗಲ್ಲ ಕಣೇ. ಮೊನ್ನೆ ಎಡವಿದೆ ಬೇರೆ. ನನಗೇನು, ಬೇಕಾದಷ್ಟು ಓಡ್ಸಿದ್ದೀನಿ."

ಸರಿಯಾಯಿತು ಎಂದೆ. ಸರಿಯೇ ಅಲ್ಲವೇ? ನಾನು ಮೊದಲ ದಿನದಿಂದ ಕೇಳಿದ್ದು ಇದನ್ನೇ. ಕೇಳಿದ್ದು ಸಿಕ್ಕಿದೆ. ಆದರೂ ಮಧ್ಯಾಹ್ನ ಉಪ್ಪು ಹಾಕುವುದನ್ನು ಮರೆತೆ. ಇವರು ಹಾಗೇ ಉಂಡರು. ಪ್ರತಿದಿನ ಊಟವಾದ ಮೇಲೆ ಗಾಡಿಯ ಮುಂದಿನ ಗಾಜನ್ನು ಎಡಗೈಯಲ್ಲೇ ಒರೆಸುತ್ತಿದ್ದರು. ಇವತ್ತು ಬಟ್ಟೆ ತೆಗೆದುಕೊಂಡವರು ಮಡಿಚಿ ವಾಪಸ್ಸು ಇಟ್ಟರು.

ತಮ್ಮನ ಮನೆಯ ಕಿಟಕಿಯಿಂದ ಏನು ಕಾಣುತ್ತದೆ ಎಂದು ಕೇಳಲೇ ಇಲ್ಲ. ಎದುರು ಮನೆಯ ಗೋಡೆ ಇರಬೇಕು.

ನವೆಂಬರ್ 14, ಗುರುವಾರ

ಕೊಡುವ ಗಾಡಿಯಾದರೂ ಕೆಟ್ಟದ್ದನ್ನು ಕೊಟ್ಟೆವು ಅನ್ನಿಸಿಕೊಳ್ಳಬಾರದಲ್ಲ. ಅದಕ್ಕೇ ಇವತ್ತು ಬೆಳಿಗ್ಗೆಯಿಂದ ಮೀಟರ್ ಹಿಡಿದು ಕೂತೆ. ಒಲೆ ಆರಿಸಿದೆನಾ, ಬಾಗಿಲು ಹಾಕಿದೆನಾ ಎಂದು ನಾನು ಹತ್ತು ಸಲ ಎದ್ದು ನೋಡುವವಳು. ಇವರು ಅದಕ್ಕೆ ಗಸ್ತು ಅನ್ನುತ್ತಾರೆ. ಇವತ್ತು ಬ್ಯಾಟರಿಗೆ ಗಸ್ತು.

ತಿಂಡಿ ಹೊತ್ತಿಗೆ ಹದಿಮೂರು ಮನೆಯವರು, ಆರು ನೆಂಟರು. ಬಟ್ಟೆ ಒಗೆದು ಬಂದಾಗಲೂ ಅಷ್ಟೇ. ಇವರು ಹೊರಗಿನಿಂದ "ಸ್ಕೋರ್ ಎಷ್ಟೇ?" ಎಂದು ಕೂಗುವುದು, ನಾನು ಒಳಗಿನಿಂದ ಹೇಳುವುದು. ಅನ್ನ ಇಳಿಸುವಾಗಲೂ ಸರಿ ಇತ್ತು. ಊಟ ಮಾಡಿ ತಟ್ಟೆ ತೊಳೆದು ನೋಡುತ್ತೇನೆ, ಹನ್ನೆರಡು ಮನೆಯವರು, ಆರು ನೆಂಟರಿಗೆ ಇಳಿದಿದೆ! ಹತ್ತಿದ ಮೆಟ್ಟಿಲಿಂದ ಜಾರಿದ ಹಾಗೆ, ಒಂದೇ ಸಲಕ್ಕೆ. ಅಲ್ಲಿಂದ ಸಂಜೆಯವರೆಗೆ ನೆಂಟರು ಒಬ್ಬೊಬ್ಬರಾಗಿ ಎದ್ದು ಹೋದರು.

ಅಂದರೆ ಬೆಳಿಗ್ಗೆ ಯಾರೋ ಬ್ಯಾಟರಿಗೆ ಕುಡಿಸುತ್ತಿದ್ದಾರೆ, ಮಧ್ಯಾಹ್ನ ಕೈಬಿಡುತ್ತಿದ್ದಾರೆ. ಮೆಕ್ಯಾನಿಕ್ ಬಂದದ್ದು ಬೆಳಿಗ್ಗೆ. ಅವನಿಗೆ ಹೇಗೆ ಕಾಣಬೇಕು?

ಫೋನ್ ಮಾಡಿ ಹೇಳಿದೆ. "ಓ, ಹಾಗಾ? ಚಾರ್ಜರ್ ಪೆಟ್ಟಿಗೆ ನೋಡಿ ಅಕ್ಕ, ಕಂಬದ ಕರೆಂಟು ತಗೊಂಡು ಬ್ಯಾಟರಿಗೆ ಕೊಡೋದು ಅದೇ. ಬಿಸಿ ಜಾಸ್ತಿ ಆದ್ರೆ ತಾನೇ ಆಫ್ ಆಗಿ ಮಲಗುತ್ತೆ, ತಣ್ಣಗಾದ್ರೆ ಏಳುತ್ತೆ. ಅದರ ಫ್ಯಾನ್ ಗುಯ್ ಅಂತಿದೆಯಾ?"

ಗುಯ್ ಅನ್ನುತ್ತಿದೆಯಾ?

ಮಂಚದ ಕಡೆಗೆ ಕಿವಿ ಕೊಟ್ಟೆ. ಬೇರೆ ಊರುಗಳಲ್ಲಿ ಕಂಬಕ್ಕೆ ಸಿಕ್ಕಿಸಿದಾಗೆಲ್ಲ ಮಂಚದ ಕೆಳಗೆ ಜೇನುಗೂಡು ಇಟ್ಟ ಹಾಗೆ ಗುಯ್ಗುಡುತ್ತಿತ್ತು. ಆ ಸದ್ದಿಗೆ ಇಡೀ ರಾತ್ರಿ ಕಣ್ಣು ಮುಚ್ಚುತ್ತಿರಲಿಲ್ಲ ನಾನು. ಇಲ್ಲಿ ಸದ್ದೇ ಇಲ್ಲ. ಇಲ್ಲಿ ನನಗೆ ನಿದ್ದೆ.

"ರೀ," ಎಂದು ಹೊರಗೆ ಬಂದೆ, "ಆ ಪೆಟ್ಟಿಗೆ ಯಾಕೆ ಗುಯ್ಗುಡ್ತಾ ಇಲ್ಲ?"

ಇವರು ಆಕಾಶ ನೋಡಿದರು. ಮೋಡ ಗೀಡ ಏನೂ ಇರಲಿಲ್ಲ.

ನವೆಂಬರ್ 15, ಶುಕ್ರವಾರ

ನಿನ್ನೆ ಕತ್ತಲಾಗಿತ್ತೆಂದು ಚಾರ್ಜರ್ ಪೆಟ್ಟಿಗೆಯನ್ನು ಇವತ್ತು ತೆಗೆದು ನೋಡಿದೆ. ಪ್ಲಗ್ಗು ಇವರ ತೊಡೆಯ ಮೇಲೆ. ಹಾಸಿಗೆ ಸುತ್ತಿ, ಮಂಚದ ಹಲಗೆ ಎತ್ತಿದೆ. ಇವರ ಹಳೆಯ ಡ್ಯೂಟಿ ಕಂಬಳಿ! ಚಳಿಗಾಲದಲ್ಲಿ ಬಸ್ಸಿನಲ್ಲಿ ಹೊದೆಯುತ್ತಿದ್ದ ಖಾಕಿ ಕಂಬಳಿ, ಎಲ್ಲೋ ಕಳೆದುಹೋಯಿತು ಎಂದು ನಾನು ಹುಡುಕಿದ್ದು. ಅದು ಪೆಟ್ಟಿಗೆಯನ್ನು ಎಳೆಕೂಸನ್ನು ಸುತ್ತಿದ ಹಾಗೆ ಸುತ್ತಿಕೊಂಡು ಕೂತಿದೆ. ಮುಟ್ಟಿದರೆ ಇನ್ನೂ ಬೆಚ್ಚಗಿತ್ತು.

ಕಂಬಳಿ ಹಿಡಿದುಕೊಂಡು ಹೊರಗೆ ಬಂದು ಎದುರಿಗೆ ನಿಂತೆ.

"ಏನ್ರೀ ಇದು?"

"ಕಂಬಳಿ."

"ಅದು ಗೊತ್ತು! ಬೆಂಕಿ ಹತ್ತಿದ್ರೆ? ನಾವಿಬ್ರೂ ಹುರಿದು ಹೋಗ್ತಿದ್ವಿ! ಮೂವತ್ತು ವರ್ಷ ಇಂಜಿನ್ ಜೊತೆ ಇದ್ದೋರು, ಇಷ್ಟೂ ತಿಳಿಯಲ್ವಾ?"

"ಗಾಳಿ ಬಿಡೋ ಕಡೆ ಬಿಟ್ಟೇ ಸುತ್ತಿದ್ದೆ ಕಣೇ. ಮೂರೇ ಕಡೆ ಮುಚ್ಚಿದ್ದು. ಆ ಸದ್ದಿಗೆ ನೀನು ರಾತ್ರಿಯೆಲ್ಲಾ ಎದ್ದು ಕೂರ್ತಿದ್ದೆ, ಕಣ್ಣು ಕೆಂಪಗೆ ಮಾಡ್ಕೊಂಡು. ಇಲ್ಲಿಗೆ ಬಂದ ದಿನಾನೇ, ಕೈ ಮುರಿಯೋಕೆ ಮುಂಚೆ ಸುತ್ತಿದೆ. ಅದಾದ ಮೇಲೆ ನೀನು ಮಲಗೋದು ನೋಡಿ... ಗೊರಕೆ ಕೂಡ ಹೊಡೀತೀಯ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಈ ಬೆಂಕಿ ಮಾತು ಆವತ್ತೇ ಬರ್ತಿತ್ತು. ಆಮೇಲೆ ನಿದ್ದೆ ಎಲ್ಲಿ?"

ಬೈಯಲು ಬಾಯಿ ತೆರೆದೆ. ತೆರೆದಾಗ ಇನ್ನೊಂದು ನೆನಪಾಯಿತು. ಈ ಮೈದಾನಕ್ಕೆ ಬಂದ ಮೂರೋ ನಾಲ್ಕೋ ದಿನಕ್ಕೆ ಗುಡಿಸುವಾಗ ಮಂಚದ ಸಂದಿಯಿಂದ ಏನೋ ಖಾಕಿ ತುದಿ ಇಣುಕುತ್ತಿತ್ತು. ಇಲಿ ಬಂದು ಸೇರಿಕೊಂಡಾವು ಎಂದು ಪೊರಕೆ ಹಿಡಿಯಿಂದ ಒಳಗೆ, ಇನ್ನೂ ಒಳಗೆ, ಗಟ್ಟಿಯಾಗಿ ತುರುಕಿದ್ದೆ. ಇವರು ಬಿಟ್ಟಿದ್ದ ಗಾಳಿಯ ಕಡೆಯನ್ನು ಮುಚ್ಚಿದ್ದು ನಾನು.

ಹೇಳಿದೆ. ಇವರು ಗಂಭೀರವಾಗಿ, "ಇಬ್ರೂ ಸೇರಿ ಕತ್ತು ಹಿಸುಕಿದ್ದೀವಿ ಅನ್ನು" ಎಂದರು. ಪ್ಲಗ್ಗು ಇನ್ನೂ ತೊಡೆಯ ಮೇಲೇ ಇತ್ತು, ನಗುವಾಗ ಕೆಳಗೆ ಬಿತ್ತು.

ಪ್ಲಗ್ಗು ಸಿಕ್ಕಿಸಿದ ಕೂಡಲೇ ಗುಯ್. ಊಟವಾದ ಮೇಲೆ ನೋಡಿದೆ: ಹದಿಮೂರು, ಆರು. ಕಾಫಿ ಹೊತ್ತಿಗೆ: ಹದಿಮೂರು, ಆರು. ಸಂಜೆ ದೀಪ ಹಾಕಿದ ಮೇಲೆ: ಹದಿಮೂರು, ಐದು. ಫ್ರಿಜ್ಜು ಒಂದು ಸಲವೂ ಕೀಂ ಅನ್ನಲಿಲ್ಲ. ಇನ್ಸುಲಿನ್ ವಾಪಸ್ಸು ತಂದೆ.

ಇವರು ಮಾತ್ರ ಸಪ್ಪಗೆ, "ಒಳ್ಳೇದಾಯ್ತು, ನಾಳೆ ಅವನಿಗೆ ಸರಿ ಇರೋ ಗಾಡೀನೇ ಕೊಟ್ಟ ಹಾಗಾಯ್ತು" ಎಂದರು.

ನಾನು ಹೋಗಿ ಇನ್ನೊಂದು ಸಲ ಮೀಟರ್ ಹಿಡಿದೆ. ಏನೂ ಬದಲಾಗಿರಲಿಲ್ಲ. ಆದರೂ ಸ್ವಲ್ಪ ಹೊತ್ತು ಹಿಡಿದೇ ಕೂತಿದ್ದೆ.

ನವೆಂಬರ್ 16, ಶನಿವಾರ

ಮೆಕ್ಯಾನಿಕ್ ಬೆಳಿಗ್ಗೆಯೇ ಬಂದ, ಗಾಡಿ ಓಡಿಸಲು ಇನ್ನೊಬ್ಬನನ್ನು ಕರೆದುಕೊಂಡು. ಇವರು ಒಗೆದ ಅಂಗಿ ಹಾಕಿ, ಒಂದು ತೋಳು ಪ್ಲಾಸ್ಟರಿನ ಮೇಲೆ ಇಳಿಬಿಟ್ಟು, ಡ್ರೈವರ್ ಸೀಟಿನಲ್ಲಿ ಕೂತಿದ್ದರು. ಕೀಲಿ ಎಡಗೈಯಲ್ಲಿ. ನಾನು ಪಾತ್ರೆಗಳನ್ನು ಕಟ್ಟಬೇಕಿತ್ತು. ಕಟ್ಟಿರಲಿಲ್ಲ. ರಾತ್ರಿ ಕಟ್ಟೋಣ, ಬೆಳಿಗ್ಗೆ ಕಟ್ಟೋಣ ಎಂದು ಹಾಗೇ ಉಳಿದಿತ್ತು.

ಅವನು ಮೆಟ್ಟಿಲಿಗೆ ಕಾಲಿಟ್ಟ. ನಾನು ಬಾಗಿಲಿಗೆ ಅಡ್ಡ ನಿಂತೆ. ಯಾಕೆ ನಿಂತೆನೋ.

"ಕೊಡಲ್ಲ" ಅಂದೆ.

"ಏನಕ್ಕ?"

"ಗಾಡಿ ಕೊಡಲ್ಲ."

"ಅಣ್ಣ ಮಾತು ಕೊಟ್ಟಿದ್ರಲ್ಲ!"

"ಅವರು ಮಾತು ಕೊಟ್ಟಿದ್ದು ಕೆಟ್ಟ ಗಾಡಿಗೆ. ಇದು ಕೆಟ್ಟಿಲ್ಲ."

ಅವನು ನನ್ನನ್ನೂ ಇವರನ್ನೂ ನೋಡಿದ. ಇವರು ಗಾಜಿನಾಚೆ ನೋಡುತ್ತಾ ಕೂತಿದ್ದರು, ಆದರೆ ಕಿವಿ ಕೆಂಪಾಗಿದ್ದು ನನಗೆ ಕಂಡಿತು. ಇಷ್ಟು ದೂರ ಬಂದವರಿಗೆ ಹೀಗೆ ಹೇಳಿದೆನಲ್ಲ ಎಂದು ನಾಚಿಕೆಯಾಗಿ, "ಕಾಫಿ ಕುಡಿದು ಹೋಗಿ, ಇಬ್ರೂ" ಅಂದೆ. ಕಂಬಳಿಯ ಕಥೆ ಕೇಳಿ ಅವನು ಕಾಫಿ ಮೂಗಿಗೆ ಹತ್ತಿಸಿಕೊಂಡ. "ಅಯ್ಯೋ, ನಾನು ಆವತ್ತು ಮಧ್ಯಾಹ್ನ ಬಂದಿದ್ರೆ ಆಗ್ತಿತ್ತು" ಎಂದ. ಬೇಸರ ಮಾಡಿಕೊಂಡ ಹಾಗೆ ಕಾಣಲಿಲ್ಲ. ಪೆಟ್ಟಿಗೆಯ ಕೆಳಗೆ ಇಡಲು ನಾಲ್ಕು ರಬ್ಬರ್ ತುಂಡು ಕೊಟ್ಟು, ಸದ್ದು ಸ್ವಲ್ಪ ಕಡಿಮೆಯಾಗುತ್ತದೆ ಎಂದು ಹೇಳಿ ಹೋದ.

ಅವರು ಹೋದ ಮೇಲೆ ಇವರು, "ತಮ್ಮನಿಗೆ ಯಾರು ಹೇಳೋದು?" ಎಂದರು.

ನಾನೇ ಹೇಳಿದೆ. ಅವನು ಸಿಟ್ಟಾದ. ನಿನ್ನೆ ಬಾಡಿಗೆಗೆ ಕೇಳಿಕೊಂಡು ಬಂದವರನ್ನೂ ವಾಪಸ್ಸು ಕಳಿಸಿದ್ದನಂತೆ. ಅವನು ಇನ್ನು ಆರು ತಿಂಗಳು ನನ್ನ ಹತ್ತಿರ ಮಾತಾಡುವುದಿಲ್ಲ. ಅದೊಂದು ಚಿಂತೆ.

ನವೆಂಬರ್ 19, ಮಂಗಳವಾರ

ಮ್ಯಾನೇಜರಮ್ಮ ಬಂದು, ಕೊನೆಯ ಸಾಲಿನ ಗಾಡಿಯವರಿಗೆ ಕರೆಂಟಿಲ್ಲ, ನೋಡುತ್ತೀರಾ ಎಂದಳು. ನನಗೇನು ಗೊತ್ತು, ನಾನು ಓದಿದವಳಲ್ಲ ಎಂದೆ. ಹೋಗಿ ನೋಡಿದೆ. ಪ್ಲಗ್ಗು ಕಿತ್ತು ಆ ಗಾಡಿಯ ಅಜ್ಜನ ತೊಡೆಯ ಮೇಲೆ ಇಟ್ಟು, "ಇದನ್ನ ಯಾರಿಗೂ ಕೊಡ್ಬೇಡಿ" ಅಂದೆ. ಪಿನ್ನಿನ ಬುಡ ಸುಟ್ಟು ಕಪ್ಪಾಗಿತ್ತು, ಅಷ್ಟೇ. ಹೊಸದು ಹಾಕಿಸಿಕೊಳ್ಳಿ ಎಂದು ಬಂದೆ. ಸಾರು ಒಲೆಯ ಮೇಲೆ ಬಿಟ್ಟು ಹೋಗಿದ್ದೆ, ಸೀದು ಹೋಗಿತ್ತು.

ನವೆಂಬರ್ 30, ಶನಿವಾರ

ಮಂಗಳವಾರ ಇವರ ಪ್ಲಾಸ್ಟರ್ ಬಿಚ್ಚಿದರು. ಕೈ ಸೊರಗಿ, ಬಿಳಿಚಿಕೊಂಡಿದೆ. ಮೂರು ದಿನ ಮೈದಾನದೊಳಗೇ ಸುತ್ತು ಹೊಡೆದು ಪರೀಕ್ಷೆ ಮಾಡಿದ ಮೇಲೇ ರಸ್ತೆಗೆ ಇಳಿಯಲು ಒಪ್ಪಿದೆ. ಇವತ್ತು ಹೊರಟೆವು.

ನಾನು ಮುಂದಿನ ಸೀಟಿನಲ್ಲಿ. ಬೆಳಗಿನ ಬಿಸಿಲು ಗಾಜಿನ ಮೇಲೆ. ಸ್ವಲ್ಪ ದೂರ ಹೋದ ಮೇಲೆ ಹಿಂದಿನ ಎಡಗಾಲಿಯಿಂದ ಏನೋ ಸದ್ದು ಬಂದ ಹಾಗಾಯಿತು.

"ನಿಲ್ಲಿಸಿ" ಅಂದೆ.

ನಿಲ್ಲಿಸಿದರು. ಇಳಿದು ಟೈರು ಒತ್ತಿ ನೋಡಿದೆ, ಬಗ್ಗಿ ಅಡಿಯಲ್ಲೂ ನೋಡಿದೆ. ಏನೂ ಆಗಿರಲಿಲ್ಲ. ಹತ್ತಿ ಕೂತೆ.

"ಹೋಗೋಣ್ವಾ?" ಎಂದರು.

"ಹೋಗೋಣ. ಆದ್ರೆ ನಿಧಾನ. ಮುಂದಿನ ಊರಲ್ಲಿ ಇನ್ನೊಂದ್ಸಲ ನೋಡ್ಬಿಡ್ತೀನಿ."

"ನೋಡು" ಎಂದರು. ಗೇರು ಹಾಕುವ ಮುಂಚೆ ಒರೆಸುವ ಬಟ್ಟೆ ತೆಗೆದು ನನ್ನ ಕಡೆಯ ಗಾಜನ್ನೂ ಒರೆಸಿದರು.